ಕಾರ್ಯದರ್ಶಿ ಮಗನಿಗೇ ಕಟ್ಟಡದ ಕೆಲಸ: ಕಮಿಟಿಯಲ್ಲಿ ಇದನ್ನು ಹೇಗೆ ಎತ್ತಲಿ?

ಹೊಸ ಖಜಾಂಚಿ:
ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಉತ್ತರ ಕೊಡಿ.

ನಮ್ಮದು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನ ಚರ್ಚು. ಯಾವ ಡಯಾಸಿಸ್‌ಗೂ (ಬಿಷಪರ ಆಡಳಿತದ ಪ್ರಾಂತ) ಸೇರದ ಸ್ವತಂತ್ರ ಸಭೆ. ಸೊಸೈಟಿ ಅಂತ ರಿಜಿಸ್ಟರ್ ಆಗಿದೆ. ಜೊತೆಗೆ ಒಂದು ಸಣ್ಣ ಹಾಸ್ಟೆಲ್ ನಡೆಸುತ್ತೇವೆ, ಎಲ್ಲ ಜಾತಿ ಧರ್ಮದ ಬಡ ಮಕ್ಕಳೂ ಇದ್ದಾರೆ. ರಸ್ತೆ ಕಡೆ ನಾಲ್ಕು ಮಳಿಗೆಗಳಿವೆ. ಹಾಸ್ಟೆಲ್ಲಿನ ಅಕ್ಕಿ ಬೇಳೆ ಬರುವುದು ಅದರ ಬಾಡಿಗೆಯಿಂದ. ಈ ವರ್ಷ ನನ್ನನ್ನು ಖಜಾಂಚಿ ಮಾಡಿದರು. ಬ್ಯಾಂಕಿನಲ್ಲಿದ್ದವರು, ನೀವೇ ಸರಿ ಅಂದರು.

ಪುಸ್ತಕ ಕೈಗೆ ಬಂತು. ನೋಡಿದರೆ ಒಂದು ಮಳಿಗೆಯ ಬಾಡಿಗೆ ಉಳಿದವುಗಳ ಅರ್ಧಕ್ಕಿಂತ ಕಡಿಮೆ. ಅಲ್ಲಿ ಅಂಗಡಿ ಇಟ್ಟಿರುವುದು ನಮ್ಮ ಕಾರ್ಯದರ್ಶಿಯ ಹೆಂಡತಿಯ ತಮ್ಮ. ಹಾಸ್ಟೆಲ್ ವಾರ್ಡನ್ ಪಾಸ್ಟರಮ್ಮ, ಅಂದರೆ ನಮ್ಮ ಪಾಸ್ಟರ್ ಅವರ ಹೆಂಡತಿ. ಅವರಿಗೆ ಸಂಬಳ ಹೋಗುತ್ತದೆ, ಆದರೆ ಯಾರು ಯಾವಾಗ ಇಷ್ಟು ಅಂತ ತೀರ್ಮಾನ ಮಾಡಿದರು ಅನ್ನುವುದಕ್ಕೆ ಮಿನಿಟ್ಸ್ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಈಗ ಹಾಸ್ಟೆಲ್‌ಗೆ ಮೇಲಂತಸ್ತು ಕಟ್ಟಬೇಕು. ಕಾರ್ಯದರ್ಶಿಯ ಮಗ ಕಂಟ್ರಾಕ್ಟರ್. ಬಂದಿರುವುದು ಅವನದೊಂದೇ ಕೊಟೇಷನ್. ಮುಂದಿನ ಮೀಟಿಂಗಿನಲ್ಲಿ ಪಾಸ್ ಮಾಡೋಣ ಅಂತಿದ್ದಾರೆ.

ಕಾರ್ಯದರ್ಶಿ ಕಳ್ಳರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಭೆಗೆ ಜಾಗ ಸಿಗಲು ಓಡಾಡಿದವರೇ ಅವರು. ಪಾಸ್ಟರಮ್ಮ ಮಕ್ಕಳಿಗೆ ಜ್ವರ ಬಂದರೆ ರಾತ್ರಿಯಿಡೀ ಎದ್ದಿರುತ್ತಾರೆ. ನಾನು ಬಾಯಿ ತೆಗೆದರೆ "ನಮ್ಮ ಮೇಲೇ ಅನುಮಾನವಾ" ಅಂತಾರೆ. ತೆಗೆಯದಿದ್ದರೆ ಚೆಕ್ಕಿಗೆ ಸಹಿ ಹಾಕುವವನು ನಾನು. ಎಲ್ಲಿಂದ ಶುರು ಮಾಡಲಿ?

ಜೋಳದ ರೊಟ್ಟಿ:
ಸಹಿ ಹಾಕಬೇಡಿ. ಮುಗೀತು.

ಗಡಿನಾಡ ಗಿಡ:
ಸಹಿ ಹಾಕದಿದ್ದರೆ ಮಕ್ಕಳು ಉಪವಾಸ ಬೀಳ್ತಾರೆ, ಅಷ್ಟು ಸುಲಭ ಅಲ್ಲ ರೊಟ್ಟಿಯವರೇ. ದಿನದ ಖರ್ಚಿಗೆ ಸಹಿ ಹಾಕಲಿ. ಕಟ್ಟಡದ ಅಡ್ವಾನ್ಸ್ ಚೆಕ್ಕಿಗೆ ಮಾತ್ರ ತಡೆ ಹಾಕಲಿ.

ಲೆಕ್ಕದ ಮೇಷ್ಟ್ರು:
ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವನು. ಟ್ರಸ್ಟು, ಸೊಸೈಟಿ ಫೈಲುಗಳೇ ಜಾಸ್ತಿ ನೋಡುವುದು. ಖಜಾಂಚಿಯವರೇ, ಜಗಳಕ್ಕೆ ಹೋಗುವ ಮುಂಚೆ ಒಂದು ವಿಷಯ ತಿಳಿದುಕೊಳ್ಳಿ. ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ತೆರಿಗೆಯ ಪ್ರಶ್ನೆ.

ನಿಮ್ಮ ಸೊಸೈಟಿಗೆ ಆದಾಯ ತೆರಿಗೆ ಇಲಾಖೆಯ 12ಎಬಿ ನೋಂದಣಿ ಇದ್ದರೆ ಆದಾಯಕ್ಕೆ ವಿನಾಯಿತಿ ಸಿಗುತ್ತದೆ. ಆದರೆ 1961ರ ಆದಾಯ ತೆರಿಗೆ ಕಾಯ್ದೆಯ 13ನೇ ಸೆಕ್ಷನ್ ಅಲ್ಲೇ ಕಾದು ಕೂತಿದೆ. ದೊಡ್ಡ ದೇಣಿಗೆ ಕೊಟ್ಟವರು; ಜೊತೆಗೆ ಸಂಸ್ಥೆ ಕಟ್ಟಿದವರು, ಟ್ರಸ್ಟಿಗಳು, ನಡೆಸುವವರು, ಇವರ ಸಂಬಂಧಿಕರು, ಇವರಿಗೆ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ವ್ಯಾಪಾರ. ಇಷ್ಟೂ ಜನಕ್ಕೆ ಸಂಸ್ಥೆಯ ಹಣದಿಂದ ಲಾಭ ಹೋಗಬಾರದು. ಸಂಬಂಧಿಕರು ಅಂದರೆ ಯಾರು ಅಂತಲೂ ಬರೆದಿದ್ದಾರೆ. ಹೆಂಡತಿಯ ತಮ್ಮ ಅದರಲ್ಲಿ ಬರುತ್ತಾನೆ. ಮಗ ಅಂತೂ ಬಂದೇ ಬರುತ್ತಾನೆ.

ಕಡಿಮೆ ಬಾಡಿಗೆಗೆ ಕಟ್ಟಡ ಬಿಟ್ಟುಕೊಡುವುದು ಅಲ್ಲಿ ನೇರವಾಗಿ ಹೆಸರಿಸಿರುವ ತಪ್ಪು. ಸೇವೆಗೆ ತಕ್ಕ ಸಂಬಳ ಕೊಟ್ಟರೆ ತಪ್ಪಿಲ್ಲ, ಮಿತಿ ಮೀರಿದರೆ ಮಾತ್ರ. ಅಂದರೆ ನಿಮ್ಮ ಮೂರರಲ್ಲಿ ಪಾಸ್ಟರಮ್ಮನದು ಅತಿ ಕಡಿಮೆ ತಲೆನೋವಿನದು, ಮಳಿಗೆಯದು ಅತಿ ಜಾಸ್ತಿ. ಎಲ್ಲರೂ ಕಂಟ್ರಾಕ್ಟ್ ಕಡೆ ನೋಡುತ್ತಿದ್ದಾರೆ, ಆದರೆ ಪ್ರತಿ ತಿಂಗಳೂ ರಕ್ತ ಸುರಿಯುತ್ತಿರುವುದು ಆ ಅಂಗಡಿಯಿಂದ.

2022ರ ತಿದ್ದುಪಡಿ ಆದ ಮೇಲೆ ಹಾಗೆ ಹೋದ ಲಾಭದ ಮೊತ್ತಕ್ಕೆ ನೇರ ಶೇಕಡಾ 30 ತೆರಿಗೆ. ಮೇಲೆ ದಂಡ. ಮೊದಲ ಸಲ ಆ ಲಾಭದಷ್ಟೇ, ಮತ್ತೆ ಮಾಡಿದರೆ ಅದರ ಎರಡರಷ್ಟು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಸೆಕ್ಷನ್ ನಂಬರ್ ಬೇರೆ, ಹಳೆ ನಂಬರ್ ಹಿಡಿದುಕೊಂಡು ವಾದ ಮಾಡಬೇಡಿ. ವಿಷಯ ಅದೇ.

ಹೊಸ ಖಜಾಂಚಿ:
ಅಯ್ಯೋ. 12ಎ ಸರ್ಟಿಫಿಕೇಟ್ ಇದೆ, ಹೊಸ ನೋಂದಣಿ ಮಾಡಿಸಿದ್ದಾರಾ ಅಂತ ನೋಡಬೇಕು. ಆಡಿಟರ್‌ಗೆ ಈ ಸಂಬಂಧಗಳ ವಿಷಯ ಯಾರೂ ಹೇಳಿದ ಹಾಗಿಲ್ಲ.

ಲೆಕ್ಕದ ಮೇಷ್ಟ್ರು:
ಯಾರೂ ಹೇಳುವುದಿಲ್ಲ. ನಾವು ಕೇಳುತ್ತೇವೆ, ಅವರು "ಅಂಥದ್ದೇನೂ ಇಲ್ಲ ಸಾರ್" ಅಂತ ಬರೆದು ಕೊಡುತ್ತಾರೆ. ಬಾಡಿಗೆದಾರನ ಹೆಸರು ನೋಡಿ ಅವನು ಯಾರ ಭಾವಮೈದ ಅಂತ ನಮಗೆ ಕನಸು ಬೀಳುತ್ತದಾ? ಮೊದಲ ಕೆಲಸ ಆ ಪಟ್ಟಿ ಮಾಡಿ. ಕಮಿಟಿಯ ಪ್ರತಿಯೊಬ್ಬರೂ ತಮ್ಮ ವ್ಯಾಪಾರ, ತಮ್ಮ ಹತ್ತಿರದವರ ವ್ಯಾಪಾರ ಬರೆದು ಸಹಿ ಹಾಕಿ ಕೊಡಲಿ. ಮೊದಲು ನಿಮ್ಮದೇ ಕೊಡಿ. ಆಗ ಯಾರೂ ನಮ್ಮನ್ನೇ ಗುರಿ ಮಾಡಿದರು ಅನ್ನುವುದಿಲ್ಲ.

ಮಲ್ಲಿಗೆ ಮೊಗ್ಗು:
ನನಗೆ ಈ ಚರ್ಚೆ ಇಷ್ಟವಾಗಲಿಲ್ಲ. ಬೈಬೇಡಿ, ನನ್ನ ಮಾತೂ ಕೇಳಿ.

ಸಣ್ಣ ಊರಿನ ಸಭೆ ನಡೆಯುವುದೇ ಹೀಗೆ. ನಮ್ಮ ಸಭೆಯಲ್ಲಿ ಛಾವಣಿ ಸೋರುತ್ತಿತ್ತು. ಹೊರಗಿನವರ ಕೊಟೇಷನ್ ತೆಗೆದರೆ ಕೈಗೆಟುಕಲಿಲ್ಲ. ಕೊನೆಗೆ ಹಿರಿಯರೊಬ್ಬರ ಅಳಿಯ ಸಾಮಾನಿನ ದುಡ್ಡಿಗೆ ಮಾಡಿಕೊಟ್ಟ, ಕೂಲಿ ತೆಗೆದುಕೊಳ್ಳಲಿಲ್ಲ. ಅವನ ಹತ್ತಿರ ಹೋಗಿ "ಫಾರ್ಮ್ ತುಂಬು, ನಿಮ್ಮ ಮಾವ ಹೊರಗೆ ಕೂರಲಿ" ಅಂದಿದ್ದರೆ ಅವನು ಕೈ ಮುಗಿದು ಹೋಗುತ್ತಿದ್ದ. ಬೆಂಗಳೂರಿನ ದೊಡ್ಡ ಎನ್‌ಜಿಒ ನಿಯಮ ತಂದು ನಮ್ಮಂಥವರ ತಲೆ ಮೇಲೆ ಇಟ್ಟರೆ ಕೆಲಸ ಮಾಡುವವರೇ ಉಳಿಯುವುದಿಲ್ಲ. ಆಮೇಲೆ ನಿಯಮ ಮಾತ್ರ ಉಳಿಯುತ್ತದೆ, ಸಭೆ ಇರಲ್ಲ.

ಜೋಳದ ರೊಟ್ಟಿ:
ಕೂಲಿ ತೆಗೆದುಕೊಳ್ಳದವನಿಗೆ ಯಾರೂ ಫಾರ್ಮ್ ಕೇಳುತ್ತಿಲ್ಲ ಅಕ್ಕಾ. ಇಲ್ಲಿ ಒಂದೇ ಕೊಟೇಷನ್ ಬಂದಿದೆ.

ಮಲ್ಲಿಗೆ ಮೊಗ್ಗು:
ಒಂದೇ ಬಂದರೆ ಅವನ ತಪ್ಪಾ? ಬೇರೆ ಎರಡು ತರಿಸುವುದು ಖಜಾಂಚಿ ಕೆಲಸ ಅಲ್ವಾ?

ಹೊಸ ಖಜಾಂಚಿ:
ಮಾತು ಸರಿ ಇದೆ. ತರಿಸಬೇಕಿತ್ತು. ಆದರೆ ಊರಿನ ಉಳಿದ ಕಂಟ್ರಾಕ್ಟರ್‌ಗಳಿಗೆ ಇವರ ಮನೆತನ ಗೊತ್ತು. "ಅವರ ಮಗ ಇರುವಾಗ ನಮ್ಮನ್ಯಾಕೆ ಸುಮ್ನೆ ಕೇಳ್ತೀರಿ" ಅಂತ ಇಬ್ಬರು ಮುಖದ ಮೇಲೇ ಅಂದರು.

ಕರಿ ಕೋಟು:
ಆ ಇಬ್ಬರು ಹೇಳಿದ್ದೇ ನಿಮ್ಮ ಪ್ರಶ್ನೆಗೆ ಉತ್ತರ. ಕಾರ್ಯದರ್ಶಿ ಒಂದು ರೂಪಾಯಿ ಮುಟ್ಟಿಲ್ಲ, ಯಾರಿಗೂ ಬೆದರಿಕೆ ಹಾಕಿಲ್ಲ. ಆದರೂ ಪೈಪೋಟಿ ಸತ್ತುಹೋಗಿದೆ. ಸಭೆಗೆ ಕಡಿಮೆ ಬೆಲೆ ಸಿಗುವ ದಾರಿಯೇ ಮುಚ್ಚಿದೆ. ನಷ್ಟ ಆಗಲು ಯಾರೂ ಕಳ್ಳರಾಗಬೇಕಿಲ್ಲ.

ಇದು ಹಳೆಯ ತಕರಾರು. 1726ರಲ್ಲಿ ಇಂಗ್ಲೆಂಡಿನಲ್ಲಿ ಕೀಚ್ ವಿರುದ್ಧ ಸ್ಯಾಂಡ್‌ಫರ್ಡ್ ಅಂತ ಒಂದು ಕೇಸು ನಡೆಯಿತು. ರಾಮ್‌ಫರ್ಡ್ ಸಂತೆಯ ಗುತ್ತಿಗೆ ಒಬ್ಬ ಚಿಕ್ಕ ಹುಡುಗನ ಹೆಸರಿನಲ್ಲಿತ್ತು, ನೋಡಿಕೊಳ್ಳಲು ಒಬ್ಬ ಟ್ರಸ್ಟಿ ಇದ್ದ. ಗುತ್ತಿಗೆ ಮುಗಿಯಿತು. ಮಾಲೀಕ "ಹುಡುಗನಿಗೆ ಮತ್ತೆ ಕೊಡುವುದಿಲ್ಲ" ಅಂದ. ಸರಿ ಅಂತ ಟ್ರಸ್ಟಿ ತನ್ನ ಹೆಸರಿಗೆ ಮಾಡಿಸಿಕೊಂಡ. ಯಾರಿಗೂ ಮೋಸ ಆಗಿಲ್ಲ, ಹುಡುಗನಿಗೆ ಹೇಗಿದ್ದರೂ ಸಿಗುತ್ತಿರಲಿಲ್ಲ. ಆದರೂ ಕೋರ್ಟು ಲಾಭವೆಲ್ಲ ಹುಡುಗನಿಗೆ ಕೊಡು ಅಂದಿತು. ಜಗತ್ತಿನಲ್ಲಿ ಬೇರೆ ಯಾರು ಬೇಕಾದರೂ ಆ ಗುತ್ತಿಗೆ ತೆಗೆದುಕೊಳ್ಳಬಹುದಿತ್ತು, ಟ್ರಸ್ಟಿ ಒಬ್ಬನನ್ನು ಬಿಟ್ಟು. ಯಾಕೆ ಅಂದರೆ ಇದಕ್ಕೆ ಒಮ್ಮೆ ಬಿಟ್ಟರೆ ಮುಂದೆ ಯಾವ ಟ್ರಸ್ಟಿಯೂ ಗುತ್ತಿಗೆ ಉಳಿಸಲು ಮನಸ್ಸಿಟ್ಟು ಓಡಾಡುವುದಿಲ್ಲ.

ನಮ್ಮ 1882ರ ಟ್ರಸ್ಟ್ ಕಾಯ್ದೆಯ 51ನೇ ಸೆಕ್ಷನ್ ಇದೇ ಮಾತು ಹೇಳುತ್ತದೆ: ಟ್ರಸ್ಟಿ ಆ ಆಸ್ತಿಯಿಂದ ತನಗೆ ಲಾಭ ಮಾಡಿಕೊಳ್ಳುವಂತಿಲ್ಲ. ಆ ಕಾಯ್ದೆ ಖಾಸಗಿ ಟ್ರಸ್ಟಿಗೆ ಮಾತ್ರ, ಸಾರ್ವಜನಿಕ ಧರ್ಮಾರ್ಥ ಸಂಸ್ಥೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಕೋರ್ಟಿಗೆ ಹೋದರೆ ನ್ಯಾಯಾಧೀಶರು ಅದೇ ತತ್ವ ಹಿಡಿದು ಕೇಳುತ್ತಾರೆ.

ವಿಶ್ವಾಸಿ:
ಎಲ್ಲರೂ ಕಾನೂನು ಕಾನೂನು ಅಂತೀರಿ. ದೇವರ ಮನೆಯ ವಿಷಯ ಇದು. ತೀರ್ಪು ಮಾಡಬೇಡಿ ಅಂತ ಮತ್ತಾಯನ ಸುವಾರ್ತೆಯಲ್ಲೇ ಇದೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಲೂ ಇದೆ. ಹಿರಿಯರ ಮೇಲೆ ಅನುಮಾನದ ಬೀಜ ಬಿತ್ತಬೇಡಿ.

ಧಾರವಾಡದ ಮಳೆ:
ಎಡಗೈ ಬಲಗೈ ಮಾತು ದಾನ ಕೊಡುವವನಿಗೆ ಹೇಳಿದ್ದು, ಖಜಾಂಚಿಗಲ್ಲ! ಈ ವಾಕ್ಯ ತೋರಿಸಿ ಲೆಕ್ಕ ಕೊಡದೆ ತಪ್ಪಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ವಾಕ್ಯವೇ ಬೇಕಾದರೆ ಎರಡನೇ ಕೊರಿಂಥದ 8ನೇ ಅಧ್ಯಾಯ ತೆಗೆಯಿರಿ. ಪೌಲ ಬಡವರಿಗಾಗಿ ದೊಡ್ಡ ಮೊತ್ತದ ಕಾಣಿಕೆ ಸಾಗಿಸುತ್ತಿದ್ದಾನೆ. ಒಬ್ಬನೇ ಹೋಗುವುದಿಲ್ಲ. ಸಭೆಗಳು ಆರಿಸಿದ ಬೇರೆಯವರನ್ನು ಜೊತೆಗೆ ಕರೆದುಕೊಳ್ಳುತ್ತಾನೆ. ಈ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿ ಇರಬೇಕು ಅನ್ನುವುದು ಅವನ ಲೆಕ್ಕ. ಪೌಲನಿಗೇ ಸಾಕ್ಷಿ ಬೇಕಾಗಿತ್ತು ಅಂದರೆ ನಮ್ಮ ನಿಮ್ಮ ಕಮಿಟಿ ಯಾವ ಗಿಡದ ತೊಪ್ಪಲು.

ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯವೂ ಹಾಗೇ. ಗ್ರೀಕ್ ಮಾತಾಡುವವರ ವಿಧವೆಯರಿಗೆ ಊಟ ಹಂಚುವುದರಲ್ಲಿ ತಾರತಮ್ಯ ಆಗುತ್ತಿದೆ ಅಂತ ಗುಸುಗುಸು ಶುರುವಾಯಿತು. ಗುಸುಗುಸು ಮಾಡಿದವರನ್ನು ಯಾರೂ ಬೈಯಲಿಲ್ಲ. ಹಂಚುವುದಕ್ಕೆ ಏಳು ಜನರನ್ನು ಬೇರೆ ಆರಿಸಿದರು. ಆ ಏಳೂ ಗ್ರೀಕ್ ಹೆಸರುಗಳೇ, ಗಮನಿಸಿ. ದೂರು ಕೊಟ್ಟವರ ಕಡೆಯವರ ಕೈಗೇ ಕೊಟ್ಟ ಹಾಗೆ ಕಾಣುತ್ತದೆ.

ವಿಶ್ವಾಸಿ:
ಸೈತಾನನೂ ವಾಕ್ಯ ಹೇಳುತ್ತಾನೆ.

ಧಾರವಾಡದ ಮಳೆ:
ಸರಿ ಬಿಡಿ 😄

ಪಡುವಣ ಗಾಳಿ:
ನಾನು ಮಂಗಳೂರು ಕಡೆಯ ಕಥೊಲಿಕ್. ನಮ್ಮಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇದೆ, ಜನಕ್ಕೆ ಗೊತ್ತಿಲ್ಲ ಅಷ್ಟೆ. ಕ್ಯಾನನ್ ಕಾನೂನಿನ (ಕಥೊಲಿಕ್ ಚರ್ಚಿನ ಒಳಗಿನ ಕಾನೂನು) 1298ನೇ ವಿಧಿ: ಚರ್ಚ್ ಆಸ್ತಿಯನ್ನು ಅದರ ಆಡಳಿತ ಮಾಡುವವರಿಗೆ, ಅಥವಾ ಅವರ ನಾಲ್ಕನೇ ಹಂತದವರೆಗಿನ ನಂಟರಿಗೆ ಮಾರುವುದಾಗಲಿ ಬಾಡಿಗೆಗೆ ಕೊಡುವುದಾಗಲಿ ಮಾಡಬಾರದು. ಕೊಡಲೇಬೇಕಾದರೆ ಮೇಲಿನವರ ವಿಶೇಷ ಲಿಖಿತ ಅನುಮತಿ ಬೇಕು. ಚಿಲ್ಲರೆ ವಸ್ತುಗಳಿಗೆ ಮಾತ್ರ ರಿಯಾಯಿತಿ. ಖಜಾಂಚಿಯವರ ಮಳಿಗೆ ಕೇಸ್ ಇದರಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ.

ಇನ್ನೊಂದು 492. ಪ್ರತಿ ಬಿಷಪರಿಗೂ ಒಂದು ಹಣಕಾಸು ಸಮಿತಿ ಇರಲೇಬೇಕು, ಅದರಲ್ಲಿ ಬಿಷಪರ ನಾಲ್ಕನೇ ಹಂತದವರೆಗಿನ ನೆಂಟರು ಇರುವಂತಿಲ್ಲ. 537ರ ಪ್ರಕಾರ ಪ್ರತಿ ಫಿರ್ಗಜೆಗೂ (ಒಂದು ಚರ್ಚಿನ ವ್ಯಾಪ್ತಿಯ ಸಮುದಾಯ) ಹಣಕಾಸು ಸಮಿತಿ ಕಡ್ಡಾಯ. ಜನ ಕೊಟ್ಟ ಕಾಣಿಕೆಯ ಲೆಕ್ಕ ಜನಕ್ಕೆ ಕೊಡಬೇಕು ಅಂತ 1287.

ತೆಂಗಿನ ತೋಟ:
ಇದೆ, ಎಲ್ಲ ಇದೆ. ಆದರೆ ಫಿರ್ಗಜೆಯ ಹಣಕಾಸು ಸಮಿತಿ ಸಲಹೆ ಕೊಡಬಹುದು ಅಷ್ಟೆ. ಆಡಳಿತ ವಿಗಾರರದ್ದು, ಅಂದರೆ ಚರ್ಚಿನ ಮುಖ್ಯ ಪಾದ್ರಿಯದ್ದು. ನಮ್ಮ ವಾಳೆಯ (ಫಿರ್ಗಜೆಯ ಒಂದು ವಾರ್ಡು) ಗುರ್ಕಾರ್, ಅಂದರೆ ಮುಖಂಡರು, ಒಬ್ಬರು ಶಾಲೆಯ ಪೇಂಟಿಂಗ್ ಕೆಲಸದ ಬಗ್ಗೆ ಕೇಳಿದರು, ಮುಂದಿನ ವರ್ಷ ಅವರ ಹೆಸರೇ ಇರಲಿಲ್ಲ. ನಿಯಮ ಪುಸ್ತಕ ಲ್ಯಾಟಿನ್‌ನಲ್ಲಿ ಚೆನ್ನಾಗಿದೆ.

ಪಡುವಣ ಗಾಳಿ:
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನಮ್ಮ ಫಿರ್ಗಜೆಯಲ್ಲಿ ವರ್ಷದ ಲೆಕ್ಕ ಪ್ರಿಂಟ್ ಮಾಡಿ ಹಂಚಲು ಶುರು ಮಾಡಿದ ಮೇಲೆ ಜನ ಪ್ರಶ್ನೆ ಕೇಳುವುದೇ ಬದಲಾಯಿತು. ಮೊದಲು "ದುಡ್ಡು ಎಲ್ಲಿ ಹೋಯಿತು" ಅಂತಿದ್ದರು. ಈಗ "ಡೆಕೋರೇಷನ್‌ಗೆ ಇಷ್ಟು ಯಾಕೆ" ಅಂತ ಕೇಳ್ತಾರೆ. ಎರಡನೇ ಪ್ರಶ್ನೆಗೆ ಉತ್ತರ ಕೊಡಬಹುದು. ಮೊದಲನೆಯದಕ್ಕೆ ಜಗಳವೇ ಗತಿ.

ಒಂದು ಲೋಟ ಚಹಾ:
ಚರ್ಚಿನವರು ಇಷ್ಟು ಚರ್ಚೆ ಮಾಡುತ್ತಿರುವುದು ಸಂತೋಷ. ಆದರೆ ದೇವಸ್ಥಾನಕ್ಕೆ ಮಾತ್ರ ಸರ್ಕಾರದ ಹಿಡಿತ, ಚರ್ಚಿಗೆ ಇಲ್ಲ. ಇದನ್ನು ಯಾರೂ ಮಾತಾಡಲ್ಲ.

ಗಡಿನಾಡ ಗಿಡ:
ಬಂತಪ್ಪ.

ಕರಿ ಕೋಟು:
ಪ್ರಶ್ನೆ ಕೇಳಿದ್ದು ತಪ್ಪಲ್ಲ, ಉತ್ತರ ಇದೆ. ಮುಜರಾಯಿ ದೇವಸ್ಥಾನಗಳಿಗೆ 1997ರ ಧಾರ್ಮಿಕ ದತ್ತಿ ಕಾಯ್ದೆ ಇದೆ. ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿ, ಅದರಲ್ಲಿ ಅರ್ಚಕರು, ಪರಿಶಿಷ್ಟರು, ಇಬ್ಬರು ಮಹಿಳೆಯರು ಇರಬೇಕು. ಖಾಸಗಿ ಟ್ರಸ್ಟಿನ ದೇವಸ್ಥಾನ, ಚರ್ಚು, ಎನ್‌ಜಿಒ ಯಾವುದಕ್ಕೂ ಅಂಥ ದಿನನಿತ್ಯದ ಮೇಲ್ವಿಚಾರಣೆ ಇಲ್ಲ, ಅದು ನಿಜ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಇದೆ. ಅಲ್ಲಿ ಟ್ರಸ್ಟಿನ ಜಮೀನು ಮಾರಬೇಕಾದರೆ ಚಾರಿಟಿ ಕಮಿಷನರ್ ಅನುಮತಿ ಬೇಕು, ದೇವಸ್ಥಾನದ್ದಾದರೂ ಸರಿ, ಚರ್ಚಿನದ್ದಾದರೂ ಸರಿ. ನಮ್ಮಲ್ಲಿ ಹಾಗೆ ಎಲ್ಲಕ್ಕೂ ಸೇರಿ ಒಬ್ಬ ಕಮಿಷನರ್ ಇಲ್ಲ. ಇರಬೇಕಾ ಅನ್ನುವುದು ಬೇರೆ ಚರ್ಚೆ.

ಒಂದು ಲೋಟ ಚಹಾ:
ಇರಬೇಕು.

ತೆಂಗಿನ ತೋಟ:
ಬೇಡ. ಮುಂಬೈನಲ್ಲಿ ನನ್ನ ಭಾವ ಒಂದು ಟ್ರಸ್ಟ್ ನಡೆಸುತ್ತಾನೆ. ಟ್ರಸ್ಟಿ ಬದಲಾವಣೆಯ ಅರ್ಜಿ ಆ ಕಚೇರಿಯಲ್ಲಿ ಕೊಳೆಯುತ್ತಾ ಬಿದ್ದಿದೆ.

ನಿರ್ವಾಹಕ:
ದೇವಸ್ಥಾನ-ಚರ್ಚ್-ವಕ್ಫ್ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಖಜಾಂಚಿಯವರ ಪ್ರಶ್ನೆಗೆ ಉತ್ತರ ಕೊಡಿ. ಎರಡು ಪ್ರತಿಕ್ರಿಯೆ ಅಳಿಸಿದ್ದೇನೆ.

ಲೀಡ್ಸ್ ಕನ್ನಡಿಗ:
ಇಲ್ಲಿ ಇಂಗ್ಲೆಂಡಿನಲ್ಲಿ ನಾನು ಒಂದು ಸಣ್ಣ ಚಾರಿಟಿಯ ಟ್ರಸ್ಟಿ. ಇಲ್ಲಿನ ಚಾರಿಟಿಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನ್ ಹೇಳುವುದು ಸರಳ: ಹಿತಾಸಕ್ತಿ ಸಂಘರ್ಷ (ಸ್ವಂತ ಹಿತಕ್ಕೂ ಸಂಸ್ಥೆಯ ಹಿತಕ್ಕೂ ತಿಕ್ಕಾಟ) ಎಲ್ಲಿದೆ ಗುರುತಿಸು, ಅದು ತೀರ್ಮಾನದ ಮೇಲೆ ಪರಿಣಾಮ ಬೀರದಂತೆ ತಡೆ, ಏನು ಮಾಡಿದೆ ಅಂತ ಬರೆದಿಡು. ನಮ್ಮ ಮೀಟಿಂಗಿನ ಅಜೆಂಡಾದಲ್ಲಿ ಮೊದಲ ಸಾಲೇ "ಇಂದಿನ ವಿಷಯಗಳಲ್ಲಿ ಯಾರಿಗಾದರೂ ಸ್ವಂತ ಹಿತ ಇದೆಯಾ". ಪ್ರತಿ ಸಲ ಕೇಳುತ್ತಾರೆ. ಹೆಚ್ಚಿನ ಸಲ ಯಾರಿಗೂ ಇರುವುದಿಲ್ಲ. ಇದ್ದರೆ ಹೇಳಿ, ಆ ವಿಷಯ ಬಂದಾಗ ಎದ್ದು ಹೊರಗೆ ಹೋಗುತ್ತಾರೆ. ಯಾರಿಗೂ ಅವಮಾನ ಅನ್ನಿಸುವುದಿಲ್ಲ, ಯಾಕೆಂದರೆ ಅದು ಯಾರೋ ಒಬ್ಬರ ಮೇಲೆ ಎತ್ತಿದ ಬೆರಳಲ್ಲ, ಪ್ರತಿ ಮೀಟಿಂಗಿನ ಪದ್ಧತಿ.

ಇನ್ನೊಂದು ವಿಷಯ. ದುಡ್ಡೇ ಇರಬೇಕಿಲ್ಲ. ಎರಡು ಸಂಸ್ಥೆಗೆ ಒಬ್ಬನೇ ಟ್ರಸ್ಟಿ ಆಗಿದ್ದು, ಆ ಎರಡರ ಮಧ್ಯೆ ವ್ಯವಹಾರ ಬಂದರೆ ಅದೂ ಸಂಘರ್ಷವೇ, ಜೇಬಿಗೆ ಒಂದು ಪೈಸೆ ಬರದಿದ್ದರೂ. ನಮ್ಮೂರಲ್ಲಿ ಇದು ಬಹಳ. ಶಾಲೆಯ ಟ್ರಸ್ಟಿಗೂ ಅವರೇ ಅಧ್ಯಕ್ಷ, ಸಭೆಗೂ ಅವರೇ ಅಧ್ಯಕ್ಷ, ಸಭೆಯ ಜಾಗ ಶಾಲೆಗೆ ಎಷ್ಟಕ್ಕೆ ಕೊಡಬೇಕು ಅಂತ ಅವರೇ ಅವರಿಗೆ ಪತ್ರ ಬರೆಯುತ್ತಾರೆ.

ಜೋಳದ ರೊಟ್ಟಿ:
"ನಿಮ್ಮ ಪತ್ರ ತಲುಪಿತು, ನನ್ನ ಒಪ್ಪಿಗೆ ಇದೆ, ಇಂತಿ ನಾನು" 😂

ಹಿಮದೂರ ಕನ್ನಡಿಗ:
ಅಮೆರಿಕದಿಂದ. ಇಲ್ಲಿ ಕನ್ನಡ ಕೂಟಗಳೂ ಲಾಭರಹಿತ ಸಂಸ್ಥೆಗಳೇ. ಒಂದು ಮಟ್ಟ ದಾಟಿದವು ಪ್ರತಿ ವರ್ಷ ತೆರಿಗೆ ಇಲಾಖೆಗೆ ಫಾರ್ಮ್ 990 ತುಂಬಿ ಕೊಡಬೇಕು. ಹಿತಾಸಕ್ತಿ ಸಂಘರ್ಷದ ಲಿಖಿತ ನೀತಿ ಇದೆಯಾ ಅಂತ ಅದರಲ್ಲಿ ನೇರ ಪ್ರಶ್ನೆ ಇದೆ. ಪದಾಧಿಕಾರಿಗಳ ಜೊತೆಗಿನ ವ್ಯವಹಾರ ತೋರಿಸಲು ಶೆಡ್ಯೂಲ್ ಎಲ್ ಅಂತ ಬೇರೆ ಹಾಳೆ. ಆ ಫಾರ್ಮ್ ಯಾರು ಬೇಕಾದರೂ ನೋಡಬಹುದು. ವರ್ಷಕ್ಕೆ 50,000 ಡಾಲರ್ ಒಳಗಿನ ಸಣ್ಣ ಕೂಟಗಳಿಗೆ ಒಂದು ಪುಟಾಣಿ ಇ-ಪೋಸ್ಟ್‌ಕಾರ್ಡ್ ಸಾಕು. ತಮಾಷೆ ಅಂದರೆ ಚರ್ಚುಗಳಿಗೆ 990 ಕಡ್ಡಾಯ ಇಲ್ಲ.

ನಾನಿದ್ದ ಒಂದು ಕೂಟದಲ್ಲಿ ದೀಪಾವಳಿ ಊಟ ಅಧ್ಯಕ್ಷರ ಹೋಟೆಲಿನಿಂದಲೇ ಬರುತ್ತಿತ್ತು. ಕೇಳಿದರೆ "ಲಾಸ್‌ನಲ್ಲಿ ಕೊಡ್ತಿದ್ದೇನೆ" ಅಂತಿದ್ದರು. ಒಂದು ವರ್ಷ ಮೂರು ಕಡೆ ರೇಟ್ ತರಿಸಿದೆವು. ಅವರದೇ ಕಡಿಮೆ ಬಂತು! ಆಮೇಲೆ ಯಾರೂ ಮಾತಾಡಲಿಲ್ಲ, ಅವರಿಗೂ ಖುಷಿ. ಬಿಸಿಬೇಳೆ ಭಾತ್ ಮಾತ್ರ ಸುಧಾರಿಸಲಿಲ್ಲ.

ಮಲ್ಲಿಗೆ ಮೊಗ್ಗು:
ಇದು ನನಗೆ ಇಷ್ಟವಾಯಿತು. ಅವರ ಹೆಸರು ಉಳಿಯಿತು.

ಹಳೇ ಹಂಚು:
ವಿಷಯಾಂತರ, ಕ್ಷಮಿಸಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ನೆನಪಾಯಿತು. 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಜಾತಿಯವರು ಹೊರಗೆ ಹಾಕುತ್ತಿದ್ದರು, ಕೆಲಸ ಸಿಗುತ್ತಿರಲಿಲ್ಲ. ಅದಕ್ಕೆ ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಒಳ್ಳೆಯದೇ. ಆದರೆ ಒಬ್ಬ ಕೂಲಿಯವನ ಕಡೆಯಿಂದ ನೋಡಿ. ಕೆಲಸ ಕೊಡುವವರು ಮಿಷನ್, ಅನೇಕರಿಗೆ ಮನೆ ಜಾಗ ಕೊಟ್ಟವರೂ ಮಿಷನ್, ಸಭೆಯ ಶಿಸ್ತು ನೋಡುವವರೂ ಮಿಷನ್. ಸಂಬಳ ಕಡಿಮೆ ಅಂತ ಯಾರ ಹತ್ತಿರ ಹೇಳಬೇಕು? ಅವರಿಗೂ ಈ ಇಕ್ಕಟ್ಟು ಗೊತ್ತಿತ್ತು ಅನ್ನಿಸುತ್ತದೆ. 1859ರಲ್ಲೇ ವ್ಯಾಪಾರಕ್ಕೆ ಬೇರೆ ಕಂಪನಿ ಮಾಡಿದ್ದರು. ಪೂರ್ತಿ ಬೇರೆ ಆಗಲಿಲ್ಲ ಅನ್ನುವುದು ಬೇರೆ ಮಾತು.

ಪಡುವಣ ಗಾಳಿ:
ನಮ್ಮಜ್ಜಿ ಮನೆಯ ಮಾಡಿನ ಮೇಲೆ ಇನ್ನೂ ಆ ಹಂಚು ಇದೆ. ಒಂದೂ ಒಡೆದಿಲ್ಲ.

ಗಡಿನಾಡ ಗಿಡ:
ಹಳೇ ಹಂಚು ಹೇಳಿದ್ದು ವಿಷಯಾಂತರ ಅಲ್ಲವೇ ಅಲ್ಲ. ಹಾಸ್ಟೆಲ್ಲಿನ ಅಡುಗೆಯವರು ಪಾಸ್ಟರಮ್ಮನ ಮೇಲೆ ದೂರು ಕೊಡಬೇಕಾದರೆ ಯಾರಿಗೆ ಕೊಡಬೇಕು? ಪಾಸ್ಟರ್‌ಗೆ. ಸಂಬಳ ಎಷ್ಟು ಅನ್ನುವುದಕ್ಕಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ. ಮಕ್ಕಳಿರುವ ಜಾಗ. ದೂರು ಕೇಳಲು ಪಾಸ್ಟರ್ ಮನೆಯವರಲ್ಲದ ಒಬ್ಬರು, ಸಾಧ್ಯವಾದರೆ ಒಬ್ಬ ಹೆಣ್ಣುಮಗಳು, ಇರಲೇಬೇಕು.

ಹೊಸ ಖಜಾಂಚಿ:
ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಬರೆದುಕೊಂಡೆ.

ಒಂದು ತೊಡಕು ಹೇಳುತ್ತೇನೆ. "ಸಂಬಂಧ ಇರುವವರು ಎದ್ದು ಹೋಗಲಿ" ಅಂದರೆ ನಮ್ಮ ಕಮಿಟಿಯಲ್ಲಿ ಕೋರಂ (ತೀರ್ಮಾನಕ್ಕೆ ಬೇಕಾದ ಕನಿಷ್ಠ ಹಾಜರಿ) ಉಳಿಯುವುದಿಲ್ಲ. ನಮ್ಮಲ್ಲಿ ಎಲ್ಲರೂ ಬೀಗರೇ. ನನ್ನ ಅತ್ತಿಗೆಯ ತಂಗಿಯನ್ನೇ ಕಾರ್ಯದರ್ಶಿಯ ಅಣ್ಣನ ಮಗನಿಗೆ ಕೊಟ್ಟಿದೆ.

ಲೆಕ್ಕದ ಮೇಷ್ಟ್ರು:
ಅಷ್ಟು ದೂರದ ನಂಟು ತೆರಿಗೆ ಕಾಯ್ದೆಯ ಪಟ್ಟಿಯಲ್ಲಿ ಬರುವುದಿಲ್ಲ, ಹೆದರಬೇಡಿ. ಆದರೂ ಕಮಿಟಿಯಲ್ಲೇ ತೀರ್ಮಾನ ಆಗಬೇಕು ಅಂತ ಯಾಕೆ ಹಟ? ಸೀಲ್ ಮಾಡಿದ ಕವರ್ ಕರೆಯಿರಿ, ಪಕ್ಕದ ಊರುಗಳಿಂದಲೂ. ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ತೆಗೆಯಿರಿ. ಅಂದಾಜು ಪಟ್ಟಿಯನ್ನು ಲೋಕೋಪಯೋಗಿ ಇಲಾಖೆಯ ಎಸ್‌ಆರ್ ದರದ (ಪ್ರತಿ ಕೆಲಸಕ್ಕೆ ಇಲಾಖೆ ನಿಗದಿ ಮಾಡಿದ ದರಪಟ್ಟಿ) ಜೊತೆ ಹೋಲಿಸಲು ಒಬ್ಬ ನಿವೃತ್ತ ಇಂಜಿನಿಯರ್ ಹಿಡಿಯಿರಿ, ಸಭೆಯವರಲ್ಲದವರು. ಮಗನೂ ಕವರ್ ಹಾಕಲಿ, ಯಾರು ಬೇಡ ಅಂದರು? ಒಂದೇ ಷರತ್ತು: ಅವನಿಗೆ ಕೆಲಸ ಸಿಕ್ಕರೆ ಬಿಲ್ ಪಾಸ್ ಮಾಡುವವರು, ಅಳತೆ ನೋಡುವವರು ಅಪ್ಪ ಆಗಿರಬಾರದು. ಜನ ಟೆಂಡರ್ ದಿನ ಎಚ್ಚರ ಇರುತ್ತಾರೆ, "ಎಕ್ಸ್ಟ್ರಾ ವರ್ಕ್" ಬಿಲ್ಲಿನ ದಿನ ನಿದ್ದೆ ಮಾಡುತ್ತಾರೆ. ಸೋರುವುದು ಅಲ್ಲೇ.

ತೆಂಗಿನ ತೋಟ:
ಎಕ್ಸ್ಟ್ರಾ ವರ್ಕ್ ಅನ್ನುವ ಎರಡು ಪದಕ್ಕೆ ಒಂದು ಕೈ ಮುಗಿಯುತ್ತೇನೆ. ನಮ್ಮ ಹಾಲ್ ಕಟ್ಟುವಾಗ ಮೂಲ ಅಂದಾಜಿನಲ್ಲಿ ಶೌಚಾಲಯವೇ ಇರಲಿಲ್ಲ!

ಒಂದು ಲೋಟ ಚಹಾ:
ಇಷ್ಟೆಲ್ಲ ಮಾಡಿದರೂ ಕೇಳದಿದ್ದರೆ? ದಾರಿ ಏನು?

ಕರಿ ಕೋಟು:
ಸೊಸೈಟಿ ಆದ್ದರಿಂದ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ವಾರ್ಷಿಕ ಸಾಮಾನ್ಯ ಸಭೆ ಕಡ್ಡಾಯ, ಆದ ಮೇಲೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ರಿಜಿಸ್ಟ್ರಾರ್‌ಗೆ ಹೋಗಬೇಕು. ಹೋಗಿದೆಯಾ ಅಂತ ಮೊದಲು ನೋಡಿ. ಬಹಳ ಸೊಸೈಟಿಗಳದ್ದು ವರ್ಷಗಟ್ಟಲೆ ಹೋಗಿರುವುದಿಲ್ಲ. 25ನೇ ಸೆಕ್ಷನ್ ಪ್ರಕಾರ ಆಡಳಿತ ಮಂಡಳಿಯ ಬಹುಮತ ಅಥವಾ ಸದಸ್ಯರಲ್ಲಿ ಮೂರನೇ ಒಂದು ಭಾಗ ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ಮಾಡಲೇಬೇಕು, ಅವರಾಗಿಯೇ ಕೂಡ ಮಾಡಬಹುದು. ಸಾರ್ವಜನಿಕ ಟ್ರಸ್ಟ್ ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್: ಹಿತ ಇರುವ ಇಬ್ಬರು ಅಥವಾ ಹೆಚ್ಚು ಜನ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು, ಟ್ರಸ್ಟಿಯನ್ನು ತೆಗೆಯಿರಿ, ಲೆಕ್ಕ ಕೊಡಿಸಿ ಅಂತ ಕೇಳಬಹುದು.

ನನ್ನ ಸಲಹೆ? ಇದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ, ಮೇಜಿನ ಮೇಲೆ ಇಡಬೇಡಿ. ಕೋರ್ಟಿಗೆ ಹೋದ ಸಭೆ ಎರಡಾಗಿಯೇ ವಾಪಸ್ ಬರುವುದನ್ನು ನೋಡಿದ್ದೇನೆ, ವಕೀಲರ ಫೀಸು ಎರಡೂ ಕಡೆ ಕಾಣಿಕೆ ಡಬ್ಬಿಯಿಂದ.

ವಿಶ್ವಾಸಿ:
ಇದನ್ನೇ ನಾನು ಹೇಳಿದ್ದು.

ಧಾರವಾಡದ ಮಳೆ:
ಇಲ್ಲ, ನೀವು ಹೇಳಿದ್ದು ಬಾಯಿ ಮುಚ್ಚಿಕೊಂಡಿರಿ ಅಂತ.

ಗಡಿನಾಡ ಗಿಡ:
ವಿದೇಶದ ದುಡ್ಡು ಬರುತ್ತದಾ ಖಜಾಂಚಿಯವರೇ? ಬಂದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆ) ಇನ್ನೂ ಬಿಗಿ. 2020ರ ತಿದ್ದುಪಡಿ ಆದ ಮೇಲೆ ಆಡಳಿತ ಖರ್ಚು ಶೇಕಡಾ 20 ದಾಟಬಾರದು, ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ.

ಹೊಸ ಖಜಾಂಚಿ:
ಇಲ್ಲ, ಒಂದು ಡಾಲರೂ ಇಲ್ಲ. ಎಲ್ಲ ಕಾಣಿಕೆ, ಬಾಡಿಗೆ, ಸುಗ್ಗಿ ಹಬ್ಬದ ಹರಾಜು.

ಜೋಳದ ರೊಟ್ಟಿ:
ಸುಗ್ಗಿ ಹಬ್ಬದ ಹರಾಜು! ಒಂದು ಕುಂಬಳಕಾಯಿಗೆ ಜಿದ್ದಿಗೆ ಬಿದ್ದು ಕೂಗುವುದನ್ನು ನೋಡಬೇಕು. ಅಲ್ಲಿ ಮಾತ್ರ ಪೂರ್ತಿ ಪಾರದರ್ಶಕತೆ. ಯಾರು ಎಷ್ಟು ಕೊಟ್ಟರು ಅಂತ ಊರಿಗೆಲ್ಲ ಗೊತ್ತು.

ಲೀಡ್ಸ್ ಕನ್ನಡಿಗ:
ಹೌದು, ಮಳಿಗೆ ಬಾಡಿಗೆಯನ್ನೂ ಹಾಗೆ ಕೂಗಿಸಿಬಿಡಿ.

ಹೊಸ ಖಜಾಂಚಿ:
ಮೀಟಿಂಗ್ ಮುಗಿಯಿತು. ಕೇಳಿದವರಿಗಾಗಿ ಬರೆಯುತ್ತಿದ್ದೇನೆ.

ಮೇಷ್ಟ್ರು ಹೇಳಿದ ಹಾಗೆ ನನ್ನದೇ ಹೇಳಿಕೆ ಮೊದಲು ಓದಿದೆ. ನನ್ನ ತಮ್ಮನ ಸ್ಟೇಷನರಿ ಅಂಗಡಿಯಿಂದ ಹಾಸ್ಟೆಲ್‌ಗೆ ನೋಟ್‌ಬುಕ್ ಬರುತ್ತದೆ, ಅದನ್ನೂ ಬರೆದಿದ್ದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪಾಸ್ಟರ್ ತಾವೇ "ನಮ್ಮ ಮನೆಯವರ ಸಂಬಳವನ್ನು ನಾನಿಲ್ಲದಾಗ ತೀರ್ಮಾನ ಮಾಡಿ" ಅಂತ ಎದ್ದು ಹೋದರು. ಸಂಬಳ ಅಷ್ಟೇ ಇಟ್ಟೆವು, ಮಿನಿಟ್ಸ್ ಬರೆದೆವು. ಅಡುಗೆಯವರ ಮತ್ತು ಮಕ್ಕಳ ದೂರು ಕೇಳಲು ಒಬ್ಬ ನಿವೃತ್ತ ಶಿಕ್ಷಕಿಯನ್ನು ಕೇಳುತ್ತಿದ್ದೇವೆ.

ಕಟ್ಟಡಕ್ಕೆ ಕವರ್ ಕರೆಯಲು ಒಪ್ಪಿದ್ದಾರೆ. ಕಾರ್ಯದರ್ಶಿ ಮುಖ ಗಂಟು ಹಾಕಿಕೊಂಡಿದ್ದಾರೆ, ಆದರೆ ಬೇಡ ಅನ್ನಲಿಲ್ಲ. ಮಗನಿಗೆ ಬೇಜಾರಿಲ್ಲ, "ನನ್ನ ರೇಟೇ ಕಡಿಮೆ ಇರುತ್ತೆ ನೋಡ್ತಿರಿ ಅಂಕಲ್" ಅಂದ.

ಮಳಿಗೆ ವಿಷಯ ಮಾತ್ರ ಜಗಳ ಆಯಿತು. ಹಳೇ ಕರಾರು, ಆಗ ಆ ರಸ್ತೆಯಲ್ಲಿ ಯಾರೂ ಅಂಗಡಿ ಇಡುತ್ತಿರಲಿಲ್ಲ, ಅವನೇ ಧೈರ್ಯ ಮಾಡಿದ್ದು ಅಂತ ಕಾರ್ಯದರ್ಶಿ ವಾದ. ಅದು ಸುಳ್ಳೂ ಅಲ್ಲ. ವಾರ್ಷಿಕ ಸಭೆಗೆ ಮುಂದೂಡಿದ್ದಾರೆ.

ಮಲ್ಲಿಗೆ ಮೊಗ್ಗು:
ಪಾಸ್ಟರ್ ಎದ್ದು ಹೋದದ್ದು ಚೆನ್ನಾಗಿತ್ತು.

ಲೆಕ್ಕದ ಮೇಷ್ಟ್ರು:
ವಾರ್ಷಿಕ ಸಭೆಯವರೆಗೆ ಕಾಯಬೇಡಿ. ಅಷ್ಟರಲ್ಲಿ ಮಾರ್ಚ್ ಮುಗಿದು ಇನ್ನೊಂದು ವರ್ಷದ ಲೆಕ್ಕ ಕೂಡುತ್ತದೆ. ಹಳೇ ಕರಾರು ಅಂದರೆ ಅವಧಿ ಎಷ್ಟು, ಮುಗಿದಿದೆಯಾ, ರಿಜಿಸ್ಟರ್ ಆಗಿದೆಯಾ?

ಹೊಸ ಖಜಾಂಚಿ:
ಕರಾರು ಪತ್ರ ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿದೆಯಂತೆ. ನಾಳೆ ಕೊಡುತ್ತೇನೆ ಅಂದಿದ್ದಾರೆ.

ಜೋಳದ ರೊಟ್ಟಿ:
ಜೆರಾಕ್ಸ್ ಅಲ್ಲ, ಒರಿಜಿನಲ್ ಕೇಳಿ.